ಕುಕ್ಕರ್ ಗ್ಯಾಸ್ಕೆಟ್ ಸಿಕ್ಕಂಗೆ ಟೀವಿ ಪಾರ್ಟೂ ಸಿಗಬೇಕು

ಕುಕ್ಕರ್ ವಿಷಲ್ ಕೂಗ್ದೆ ಪಕ್ಕದಿಂದ ಬುಸ್ಸಂತ ಹಬೆ ಬಂದ್ರೆ ನಾವ್ಯಾರೂ ಕುಕ್ಕರ್ ಎಸೆಯಲ್ಲ. ಗ್ಯಾಸ್ಕೆಟ್ ಸಡಿಲ ಆಗಿದೆ ಅಂತ ನಮಗೇ ಗೊತ್ತಾಗುತ್ತೆ. ಸಂಜೆ ತರಕಾರಿಗೆ ಹೋದಾಗ ಪಾತ್ರೆ ಅಂಗಡಿ ಮುಂದೆ ನಿಂತು, ಯಾವ ಕಂಪನಿ, ಎಷ್ಟು ಲೀಟರ್ ಅಂತ ಹೇಳಿದ್ರೆ ಸಾಕು, ಗೋಡೆಗೆ ನೇತಾಕಿರೋ ಗೊಂಚಲಿಂದ ಒಂದು ಬಿಡಿಸಿ ಕೈಗೆ ಕೊಡ್ತಾನೆ. ಮನೆಗೆ ಬಂದು ನಾವೇ ಹಾಕ್ಕೋತೀವಿ. ಸೇಫ್ಟಿ ವಾಲ್ವ್ ಹೋದ್ರೂ ಅಷ್ಟೆ, ಹಿಡಿ ಮುರಿದ್ರೂ ಅಷ್ಟೆ. ನಮ್ಮತ್ತೆ ಕಾಲದ ಕುಕ್ಕರ್ ಇನ್ನೂ ಬೇಳೆ ಬೇಯಿಸ್ತಿರೋ ಮನೆ ನಮ್ಮ ಬೀದೀಲೇ ಎಷ್ಟಿಲ್ಲ!

ಈಗ ಅದೇ ಅಡುಗೆಮನೆಯಿಂದ ಹಾಲಿಗೆ ಬನ್ನಿ. ಟೀವಿ ಕೆಡ್ತು, ವಾಷಿಂಗ್ ಮೆಷಿನ್ ನಿಂತೋಯ್ತು, ಫೋನ್ ಬ್ಯಾಟರಿ ಉಬ್ಬಿಕೊಳ್ತು ಅಂದ್ಕೊಳ್ಳಿ. ಏನ್ ಕೇಳ್ಸುತ್ತೆ? "ಈ ಮಾಡೆಲ್ ನಿಂತೋಗಿದೆ ಮೇಡಂ, ಪಾರ್ಟ್ ಬರಲ್ಲ, ಎಕ್ಸ್‌ಚೇಂಜಲ್ಲಿ ಹೊಸದು ತಗೊಂಬಿಡಿ." ಇಪ್ಪತ್ತು, ಮೂವತ್ತು ಸಾವಿರ ಕೊಟ್ಟು ತಂದ ಸಾಮಾನಿಗೆ ಒಂದೇ ಮಾತಲ್ಲಿ ಮಂಗಳ ಹಾಡ್ಬಿಡ್ತಾರೆ.

ನನ್ನ ವಾದ ಸಣ್ಣದು ಅಕ್ಕಂದಿರೇ. ಕುಕ್ಕರ್‌ಗೆ ಸಿಗೋ ನ್ಯಾಯ ಮಿಕ್ಸಿಗೆ, ಟೀವಿಗೆ, ಮೆಷಿನ್‌ಗೆ, ಫೋನ್‌ಗೂ ಸಿಗಬೇಕು. ಪಾರ್ಟು ಅಂಗಡೀಲಿ ಸಿಗಬೇಕು, ಆ ಪಾರ್ಟಿನ ನಂಬರ್ ನಮಗೆ ಗೊತ್ತಾಗಬೇಕು, ಹೆಂಗೆ ಬಿಚ್ಚೋದು ಹೆಂಗೆ ಹಾಕೋದು ಅನ್ನೋದು ನಮ್ಮ ಬೀದಿ ರಿಪೇರಿಯವನಿಗೂ ಗೊತ್ತಿರಬೇಕು. ಇಷ್ಟೂ ಇಲ್ಲ ಅಂದ್ಮೇಲೆ, ದುಡ್ಡು ಪೂರ್ತಿ ಕೊಟ್ಟಿದ್ರೂ ಆ ಸಾಮಾನು ಪೂರ್ತಿ ನಮ್ಮದಲ್ಲ. ಬಾಡಿಗೆಗೆ ತಂದಿಟ್ಕೊಂಡಂಗೆ.

ಕೆಲಸ ಬಲ್ಲವರಿಗೆ ನಮ್ಮ ಕಡೆ ಬರ ಇಲ್ಲ. ಅನ್ನಪೂರ್ಣೇಶ್ವರಿ ನಗರದಿಂದ ನಾಗರಭಾವಿ ಕಡೆ ಹೋದ್ರೂ, ಮಲ್ಲತ್ತಹಳ್ಳಿ, ಸುಂಕದಕಟ್ಟೆ ಕಡೆ ತಿರುಗಿದ್ರೂ ಎರಡು ಬೀದಿಗೊಬ್ಬ ಮಿಕ್ಸಿ ರಿಪೇರಿಯವನೋ, ಮೊಬೈಲ್ ರಿಪೇರಿಯವನೋ ಇದ್ದಾನೆ. ಕೈಕೆಲಸದಲ್ಲಿ ಅವರು ಯಾರಿಗೂ ಕಮ್ಮಿ ಇಲ್ಲ. ಅವರ ಕೈ ಕಟ್ಟಾಕಿರೋದು ಎರಡೇ: ಪಾರ್ಟು ಮತ್ತೆ ಮಾಹಿತಿ.

ನಮ್ಮ ಎದುರುಮನೆ ಅಕ್ಕನ ಟೀವಿ ಸಮಾಚಾರ ಹೇಳ್ತೀನಿ ಕೇಳಿ. ಏಳು ವರ್ಷದ ಟೀವಿ. ಒಂದಿನ ಸದ್ದು ಬರ್ತಿದೆ, ಚಿತ್ರ ಇಲ್ಲ. ಕಂಪನಿ ಸರ್ವಿಸಿಂದ ಒಬ್ಬ ಹುಡುಗ ಬಂದ. ಹಿಂದಿನ ಮುಚ್ಚಳಾನೂ ಬಿಚ್ಚಲಿಲ್ಲ, "ಪ್ಯಾನೆಲ್ ಹೋಗಿದೆ, ಈ ಸೈಜ್ ಪ್ಯಾನೆಲ್ ಈಗ ಬರಲ್ಲ" ಅಂದು ವಿಸಿಟಿಂಗ್ ಚಾರ್ಜ್ ಈಸ್ಕೊಂಡು ಹೋದ. ಅಕ್ಕ ಹೊಸ ಟೀವಿಗೆ ಇಎಂಐ ಲೆಕ್ಕ ಹಾಕೋಕೂ ಕೂತಿದ್ರು. ಅಷ್ಟೊತ್ತಿಗೆ ನಾಗರಭಾವಿ ರಸ್ತೆಯ ಒಬ್ಬ ಟೀವಿ ರಿಪೇರಿಯವರನ್ನ ಕರೆಸಿದ್ವಿ. ಅವರು ಮಾಡಿದ್ದಿಷ್ಟೆ. ಕಿಟಕಿ ಪರದೆ ಎಳೆದು ಹಾಲ್ ಕತ್ಲೆ ಮಾಡಿದ್ರು, ಟೀವಿ ಆನ್ ಮಾಡಿ ಮೊಬೈಲ್ ಟಾರ್ಚನ್ನ ಸ್ಕ್ರೀನಿಗೆ ಹತ್ತಿರ ಹಿಡಿದ್ರು. ಮಸುಕಾಗಿ ಸೀರಿಯಲ್‌ನ ಮುಖಗಳು ಕಾಣ್ತಿದ್ವು! ಚಿತ್ರ ಕಾಣ್ತಿದೆ ಅಂದ್ರೆ ಪ್ಯಾನೆಲ್ ಕೆಲಸ ಮಾಡ್ತಿದೆ, ಅದರ ಹಿಂದೆ ಬೆಳಕು ಕೊಡೋ ಎಲ್ಇಡಿ ಪಟ್ಟಿ ಹೋಗಿದೆ ಅಂದ್ರು. ಪಟ್ಟಿ ಮೇಲಿನ ನಂಬರ್ ಬರ್ಕೊಂಡು, ಎಸ್.ಪಿ. ರೋಡಿಗೆ ಹೋಗಿ ಅದೇ ಅಳತೇದು ಹುಡುಕಿ ತಂದು ಹಾಕಿದ್ರು. ಹೊಸ ಟೀವಿಯ ಮೊದಲ ಎರಡು ಕಂತಿನಷ್ಟೂ ಖರ್ಚಾಗಲಿಲ್ಲ.

ಹಂಗಂತ ಅವರ ಕೈಲಿ ಎಲ್ಲಾನೂ ಆಗುತ್ತೆ ಅಂತಲ್ಲ. ಅದೇ ಬೀದಿಯ ಇನ್ನೊಂದು ಮನೆ ವಾಷಿಂಗ್ ಮೆಷಿನ್ ನೋಡಿ ಅವರೇ ಕೈಚೆಲ್ಲಿದ್ರು. ಬಾಗಿಲ ಮೇಲೆ ಒಂದು ಅಕ್ಷರ, ಒಂದು ಅಂಕಿ ಮಿಣುಕ್ತಾ ಇತ್ತು. ಆ ಕೋಡಿಗೆ ಏನರ್ಥ ಅಂತ ನಮಗೆ ಕೊಟ್ಟ ಪುಸ್ತಕದಲ್ಲಿಲ್ಲ, ಕಂಪನಿ ತನ್ನ ಟೆಕ್ನಿಷಿಯನ್‌ಗೆ ಕೊಡೋ ಪುಸ್ತಕದಲ್ಲಿದೆ. ಒಳಗಿನ ಬೋರ್ಡನ್ನ ಹೊರಗಿನವರಿಗೆ ಮಾರಲ್ಲ. ಗಟ್ಟಿಮುಟ್ಟಾಗಿರೋ ಡ್ರಮ್ಮು, ಮೋಟರು, ಬಾಡಿ ಎಲ್ಲಾ ಒಂದು ಅಂಗೈಯಗಲದ ಬೋರ್ಡಿನ ಜೊತೆ ಸಹಗಮನ!

ಅಡುಗೆಮನೇಲಿ ಮಿಕ್ಸಿ ಪರವಾಗಿಲ್ಲ ಅನ್ನಬೋದು, ಇನ್ನೂ ಪೂರ್ತಿ ಕೈತಪ್ಪಿಲ್ಲ. ಸದ್ದು ಜೋರಾಗಿ ಬಂದು ಜಾರ್ ತಿರುಗಲ್ಲ ಅಂದ್ರೆ ಬಹುಪಾಲು ಕಪ್ಲರ್ ಹಲ್ಲು ಸವೆದಿರುತ್ತೆ. ಜಾರ್ ಕೆಳಗಡೆ ಸೋರ್ತಿದ್ರೆ ಬುಷ್ ಹೋಗಿರುತ್ತೆ. ಒಳಗೆ ಕಿಡಿ ಜಾಸ್ತಿ ಕಂಡು ಸುಟ್ಟ ವಾಸನೆ ಬಂದ್ರೆ ಕಾರ್ಬನ್ ಬ್ರಷ್ ನೋಡಿಸ್ಬೇಕು. ಇವೆಲ್ಲಾ ಸಣ್ಣ ಪಾರ್ಟುಗಳು, ಸಣ್ಣ ದುಡ್ಡು. ಇನ್ನೊಂದು ವಿಷಯ ಗೊತ್ತಿರಲಿ. ಚಟ್ನಿಗೆ ಕೊಬ್ಬರಿ ತುಂಬಿ ಒಂದೇ ಸಮ ಓಡಿಸ್ದಾಗ ಮಿಕ್ಸಿ ಟಕ್ಕಂತ ನಿಂತ್ರೆ ಗಾಬರಿ ಬೇಡ. ಎಷ್ಟೋ ಮಿಕ್ಸಿಗಳಿಗೆ ಕೆಳಗಡೆ ಒಂದು ಪುಟ್ಟ ಬಟನ್ ಇರುತ್ತೆ, ಕೆಂಪಗೆ. ಲೋಡು ಜಾಸ್ತಿ ಆದ್ರೆ ಮೋಟರ್ ಸುಡದಿರಲಿ ಅಂತ ಅದು ತಾನೇ ಎಗರಿ ಕರೆಂಟ್ ಕಡಿಯುತ್ತೆ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಆರಕ್ಕೆ ಬಿಟ್ಟು, ಆ ಬಟನ್ ಒತ್ತಿದ್ರೆ ಮತ್ತೆ ಓಡುತ್ತೆ. ಮಿಕ್ಸಿ ಜೊತೆ ಬರೋ ಪುಸ್ತಕದಲ್ಲೇ ಇದನ್ನ ಬರೆದಿರ್ತಾರೆ. ಒಂದು ಸಾಲಿನ ಮಾಹಿತಿ ಗೊತ್ತಿದ್ರೆ ಒಂದು ರಿಪೇರಿ ಖರ್ಚೇ ಉಳಿಯುತ್ತೆ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಡ.

ಮಿಕ್ಸಿ ಹುಟ್ಟಿದ ಕಥೇನೂ ಇಂಥದ್ದೇ ಕಣ್ರೀ. 1963ರ ಸುಮಾರಲ್ಲಿ ಮುಂಬೈನಲ್ಲಿ ಮಾಧುರಿ ಮಾಥುರ್ ಅನ್ನೋ ಗೃಹಿಣಿಯ ಜರ್ಮನಿ ಮಿಕ್ಸರ್ ನಮ್ಮ ದೇಶದ ರುಬ್ಬೋ ಕೆಲಸ ತಡೀಲಾರ್ದೆ ಸುಟ್ಟುಹೋಯ್ತಂತೆ. ಅವರ ಗಂಡ ಸತ್ಯಪ್ರಕಾಶ್ ಮಾಥುರ್ ಇಂಜಿನಿಯರ್. ಇಲ್ಲಿಯ ಕೆಲಸಕ್ಕೆ ತಡೆಯೋ ಮೋಟರ್ ಇಟ್ಟು ಅವರು ಮಾಡಿದ್ದೇ ಸುಮೀತ್ ಮಿಕ್ಸಿ. ನಮ್ಮಮ್ಮಂದಿರ ಕಾಲಕ್ಕೆ ಮಿಕ್ಸಿ ಅಂದ್ರೆ ಸುಮೀತ್ ಅನ್ನೋಹಂಗಿತ್ತು. ಅಡುಗೆ ಮಾಡೋಳ ಕಷ್ಟ ಕೇಳಿ ಮಾಡಿದ ಯಂತ್ರ ಅದು. ಈಗಿನ ಯಂತ್ರಗಳನ್ನ ಮಾಡುವಾಗ ಅಂಗಡೀಲಿ ಹೆಂಗೆ ಕಾಣುತ್ತೆ ಅಂತ ಯೋಚಿಸ್ತಾರೆ. ಐದನೇ ವರ್ಷಕ್ಕೆ ನಮ್ಮನೇಲಿ ಅದರ ಗತಿ ಏನಾಗಿರುತ್ತೆ ಅಂತ ಯೋಚಿಸಿದ್ದು ಕಾಣೆ.

ನಮ್ಮ ಊರಿಗೇನು ಈ ವಿದ್ಯೆ ಹೊಸದಾ? 1954ರಲ್ಲಿ ಶುರುವಾದ ಜಾಲಹಳ್ಳಿ ಬಿಇಎಲ್‌ನಲ್ಲಿ ರೇಡಿಯೋ ವಾಲ್ವ್ ಮಾಡಿದ್ರು, ಟ್ರಾನ್ಸಿಸ್ಟರ್ ಮಾಡಿದ್ರು, ಕಪ್ಪು-ಬಿಳುಪು ಟೀವಿಯ ಪಿಕ್ಚರ್ ಟ್ಯೂಬನ್ನೂ ಮಾಡಿದ್ರು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್, ಪೀಣ್ಯ ಎಲ್ಲಾ ನಮ್ಮ ಪಶ್ಚಿಮ ಬೆಂಗಳೂರಲ್ಲೇ ಇರೋದು. ಅಲ್ಲಿ ದುಡಿದು ರಿಟೈರಾದ ಮಾವಂದಿರು, ಚಿಕ್ಕಪ್ಪಂದಿರು ನಮ್ಮನಮ್ಮ ಮನೇಲೇ ಇದ್ದಾರೆ. ಹಳೇ ರೇಡಿಯೋ, ಟೀವಿಗಳ ಜೊತೆ ಸರ್ಕ್ಯೂಟ್ ನಕ್ಷೆ ಬರ್ತಿತ್ತು, ಎಷ್ಟೋ ಸಲ ಪೆಟ್ಟಿಗೆ ಒಳಗೇ ಅಂಟಿಸಿರ್ತಿದ್ರು. ಯಾವ ತಂತಿ ಎಲ್ಲಿಗೆ, ಯಾವ ಪಾರ್ಟು ಎಷ್ಟರದು, ಎಲ್ಲಾ ಅದರಲ್ಲಿತ್ತು. ಹಳೇದೆಲ್ಲಾ ಹೊನ್ನು ಅಂತ ಹೇಳ್ತಿಲ್ಲ ನಾನು. ಆ ಟೀವಿಗಳು ಪದೇಪದೇ ಕೆಡ್ತಿದ್ವು, ಚಿತ್ರಹಾರದ ಹೊತ್ತಿಗೇ ಕೈಕೊಡ್ತಿದ್ವು. ಆದ್ರೆ ಕೆಟ್ಟಾಗ ಸರಿಮಾಡೋ ದಾರಿ ಪೆಟ್ಟಿಗೇಲೇ ಇತ್ತು. ಈಗಿನ ಪೆಟ್ಟಿಗೇಲಿ ಹದಿನೈದು ಭಾಷೇಲಿ "ಬಿಚ್ಚಬೇಡಿ" ಅಂತ ಮಾತ್ರ ಬರೆದಿರ್ತಾರೆ.

ಕಂಪನಿಯವರು ಹೇಳೋ ಕಾರಣ ಏನು? ಸುರಕ್ಷತೆ. ಕಂಡಕಂಡವರು ಬಿಚ್ಚಿದ್ರೆ ಕರೆಂಟ್ ಹೊಡೆಯುತ್ತೆ, ಡೂಪ್ಲಿಕೇಟ್ ಪಾರ್ಟ್ ಹಾಕಿ ಬೆಂಕಿ ಹತ್ತುತ್ತೆ ಅಂತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ಮೈಕ್ರೋವೇವ್ ಓವನ್ ಪ್ಲಗ್ ಕಿತ್ತಿಟ್ಟಿದ್ರೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯೋವಷ್ಟು ಕರೆಂಟ್ ಉಳ್ಕೊಂಡಿರಬೋದು. ಅದನ್ನ ನಾವ್ಯಾರೂ ಮುಟ್ಟಬಾರದು. ಉಬ್ಬಿದ ಫೋನ್ ಬ್ಯಾಟರೀನ ಚುಚ್ಚಬಾರದು, ಒತ್ತಬಾರದು, ಚಾರ್ಜಿಗೆ ಹಾಕಬಾರದು.

ಆದ್ರೆ ಯೋಚ್ನೆ ಮಾಡಿ. ಪ್ರೆಷರ್ ಕುಕ್ಕರ್‌ಗಿಂತ ಅಪಾಯದ ಸಾಮಾನು ಅಡುಗೆಮನೇಲಿ ಇನ್ನೊಂದಿದೆಯಾ? ಸೇಫ್ಟಿ ವಾಲ್ವ್ ಸರಿ ಇಲ್ಲದಿದ್ರೆ ಮುಚ್ಚಳ ಹಾರಿ ಸೂರಿಗೆ ತಗುಲುತ್ತೆ. ಅಂಥ ವಾಲ್ವನ್ನೇ ಕಂಪನಿಗಳು ಹೆಸರು ಹಾಕಿ, ಅಸಲಿ ಪ್ಯಾಕೆಟ್ಟಲ್ಲಿ, ಊರೂರ ಅಂಗಡೀಲೂ ಮಾರ್ತಾವೆ. ಯಾವಾಗ ಬದಲಾಯಿಸ್ಬೇಕು, ಹೆಂಗೆ ಹಾಕ್ಬೇಕು ಅಂತ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸ್ತಾವೆ. ಅಪಾಯ ಇದೆ ಅಂತ ಬಚ್ಚಿಡಲಿಲ್ಲ, ಅಪಾಯ ಇದೆ ಅಂತಲೇ ಹೇಳಿಕೊಟ್ರು. ಡೂಪ್ಲಿಕೇಟ್ ಭಯಕ್ಕೂ ಇದೇ ಉತ್ತರ. ಅಸಲಿ ಪಾರ್ಟು ನ್ಯಾಯವಾದ ಬೆಲೆಗೆ ಅಂಗಡೀಲಿ ಸಿಕ್ಕಿದ್ರೆ ನಕಲಿ ಹುಡುಕ್ಕೊಂಡು ಯಾರು ಹೋಗ್ತಾರೆ?

ನಮ್ಮ ದೇಶದಲ್ಲಿ ಈ ಬಗ್ಗೆ ಏನೂ ನಡೆದಿಲ್ಲ ಅಂತಲ್ಲ. 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿಗೂ ಮೇಲ್ಪಟ್ಟು ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಮಾಹಿತಿಯನ್ನ ಹೊರಗಿನ ಗ್ಯಾರೇಜಿಗೆ ಸಿಗದಂಗೆ ಕಟ್ಟಾಕಿದ್ದಾರೆ ಅನ್ನೋದೇ ಅವರ ಮೇಲಿನ ತಪ್ಪು. ಕೇಸು ಆಮೇಲೆ ಮೇಲ್ಮನವಿಗೆ ಹೋಯ್ತು, ಅದು ಬೇರೆ ಮಾತು. 2022ರ ಡಿಸೆಂಬರ್ 24, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಅಂತ ಒಂದು ಪೋರ್ಟಲ್ ಶುರು ಮಾಡ್ತು. ಅಂದ್ರೆ ರಿಪೇರಿ ನಮ್ಮ ಹಕ್ಕು ಅಂತ. ರೈತರ ಯಂತ್ರ, ಮೊಬೈಲು, ಮನೆ ಉಪಕರಣ, ವಾಹನ, ಈ ನಾಲ್ಕು ತರದ ಕಂಪನಿಗಳು ತಮ್ಮ ಪುಸ್ತಕ, ಸರ್ವಿಸ್ ಸೆಂಟರ್, ಬಿಡಿಭಾಗ, ವಾರಂಟಿ ವಿವರ ಎಲ್ಲಾ ಅಲ್ಲಿ ಒಂದೇ ಕಡೆ ಇಡಲಿ ಅನ್ನೋದು ಉದ್ದೇಶ. ಒಳ್ಳೇ ಹೆಜ್ಜೆ. ಆದ್ರೆ ಪಾರ್ಟ್ ಕೊಡಲೇಬೇಕು, ಇಂತಿಷ್ಟು ವರ್ಷ ಇಟ್ಟಿರಲೇಬೇಕು ಅಂತ ಹಿಡಿದು ಕೇಳೋ ಗಟ್ಟಿ ಕಾನೂನು ಬೇಕಿತ್ತು. ಪೋರ್ಟಲ್ಲು ಮೆನು ಕಾರ್ಡು ಇದ್ದಂಗೆ, ಊಟ ಬಡಿಸೋರು ಯಾರು? 2025ರಲ್ಲಿ ಒಂದು ಸಮಿತಿ ಫೋನು, ಎಲೆಕ್ಟ್ರಾನಿಕ್ ಸಾಮಾನುಗಳಿಗೆ ರಿಪೇರಿ ಅಂಕ ಕೊಡೋ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿದೆ. ಫ್ರಿಜ್ ಮೇಲೆ ಕರೆಂಟಿನ ಸ್ಟಾರ್ ಇರುತ್ತಲ್ಲ, ಆ ತರ ಇದಕ್ಕೂ ಒಂದು ಗುರುತು ಅಂದ್ಕೊಳ್ಳಿ.

ಬೇರೆ ಕಡೆ ಇದಾಗಲೇ ನಡೀತಿದೆ. ಫ್ರಾನ್ಸ್‌ನಲ್ಲಿ 2021ರಿಂದ ಫೋನು, ಟೀವಿ, ವಾಷಿಂಗ್ ಮೆಷಿನ್ ಮೇಲೆ ಹತ್ತಕ್ಕೆ ಎಷ್ಟು ರಿಪೇರಿ ಅಂಕ ಅಂತ ಹಾಕಿ ಮಾರೋಕೆ ಶುರು ಮಾಡಿದ್ರು. ಯುರೋಪಿನ ಒಕ್ಕೂಟ ಅದೇ ವರ್ಷದ ಮಾರ್ಚಿಂದ, ಫ್ರಿಜ್ಜಿನ ಮುಖ್ಯ ಪಾರ್ಟು ಕಮ್ಮಿ ಅಂದ್ರೆ 7 ವರ್ಷ, ವಾಷಿಂಗ್ ಮೆಷಿನ್‌ದು 10 ವರ್ಷ ಸಿಗ್ತಿರಬೇಕು ಅಂತ ನಿಯಮ ತಂತು. ಅದೇ ಕಂಪನಿಗಳು ತಾನೇ ಇಲ್ಲೂ ಮಾರ್ತಿರೋದು? ಅಲ್ಲಿ ಕೊಡೋಕಾಗುತ್ತೆ, ಅನ್ನಪೂರ್ಣೇಶ್ವರಿ ನಗರಕ್ಕೆ ಕೊಡೋಕಾಗಲ್ವಾ?

ಕಾನೂನು ಬರೋವರೆಗೂ ಕೈಕಟ್ಟಿ ಕೂರೋದು ಬೇಡ. ನಮ್ಮ ಕೈಲಾಗೋದು ಸುಮಾರಿದೆ.

ಮೊದಲನೇದು, ಇವತ್ತೇ ಮನೇಲಿರೋ ಒಂದೊಂದು ಸಾಮಾನಿನ ಸ್ಟಿಕ್ಕರ್ ಫೋಟೋ ತೆಗೆದಿಡಿ. ಮಿಕ್ಸಿಗೆ ತಳದಲ್ಲಿ, ಟೀವಿಗೆ ಬೆನ್ನಲ್ಲಿ, ಫ್ರಿಜ್ಜಿಗೆ ಬಾಗಿಲೊಳಗಡೆ ಇಲ್ಲಾ ಹಿಂದುಗಡೆ ಇರುತ್ತೆ. ಮಾಡೆಲ್ ನಂಬರ್, ಸೀರಿಯಲ್ ನಂಬರ್ ಅದರಲ್ಲೇ ಇರೋದು. ಎಣ್ಣೆ ಕೈ ತಾಗಿ, ಒರೆಸಿ ಒರೆಸಿ, ಎರಡು ವರ್ಷಕ್ಕೆ ಆ ಅಕ್ಷರ ಅಳಿಸೋಗುತ್ತೆ. ಬಿಲ್ಲು, ವಾರಂಟಿ ಕಾರ್ಡಿಂದೂ ಫೋಟೋ ಇರಲಿ. ಮಾಡೆಲ್ ನಂಬರ್ ಇಲ್ದೆ ಪಾರ್ಟ್ ಕೇಳೋದು, ಮನೆ ನಂಬರ್ ಇಲ್ದೆ ಪೋಸ್ಟ್‌ಮ್ಯಾನ್ ಅಲೆದಂಗೆ.

ಎರಡನೇದು, ದಯವಿಟ್ಟು ಕಸ್ಟಮರ್ ಕೇರ್ ನಂಬರನ್ನ ಗೂಗಲ್ಲಲ್ಲಿ ಹುಡುಕಿ, ಮೊದಲು ಕಂಡಿದ್ದಕ್ಕೆ ಫೋನ್ ಮಾಡ್ಬೇಡಿ. ಮೋಸದವರು ಕಂಪನಿ ಹೆಸರಲ್ಲಿ ತಮ್ಮ ನಂಬರ್ ಹಾಕಿ ಕಾಯ್ತಿರ್ತಾರೆ. "ಹತ್ತು ರೂಪಾಯಿ ರಿಜಿಸ್ಟ್ರೇಷನ್ ಕಟ್ಟಿ, ಈ ಆ್ಯಪ್ ಹಾಕ್ಕೊಳ್ಳಿ" ಅಂತಾರೆ, ಆ್ಯಪ್ ಹಾಕಿದ ತಕ್ಷಣ ನಮ್ಮ ಫೋನ್ ಪರದೆ ಅವರಿಗೆ ಕಾಣುತ್ತೆ, ಅಕೌಂಟ್ ಖಾಲಿ. ನಂಬರ್ ಬೇಕಂದ್ರೆ ಪುಸ್ತಕದ ಹಿಂಬದಿ ನೋಡಿ, ಬಿಲ್ ನೋಡಿ, ಇಲ್ಲಾ ಕಂಪನಿಯ ಸ್ವಂತ ವೆಬ್‌ಸೈಟ್ ನೋಡಿ. ರಿಪೇರಿಯವನಿಗೆ ನಿಮ್ಮ ಒಟಿಪಿಯಿಂದ ಆಗಬೇಕಾದ್ದೇನೂ ಇಲ್ಲ. ಅಕಸ್ಮಾತ್ ದುಡ್ಡು ಹೋದ್ರೆ ಒಂದು ಗಳಿಗೇನೂ ತಡ ಮಾಡ್ದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆ ಸಹಾಯವಾಣಿ.

ಮೂರನೇದು, ರಿಪೇರಿ ಆದ್ಮೇಲೆ ಹಳೇ ಪಾರ್ಟ್ ಕೈಗೆ ಕೊಡಿ ಅಂತ ಕೇಳಿ. ನಾಚ್ಕೋಬೇಡಿ. ನಿಜವಾಗ್ಲೂ ಬದಲಾಯಿಸಿದ್ದಾರೋ ಇಲ್ವೋ ಗೊತ್ತಾಗುತ್ತೆ, ಅದರ ಮೇಲಿನ ನಂಬರ್ ಮುಂದಿನ ಸಲಕ್ಕೆ ಆಗುತ್ತೆ. ಬಿಲ್ ಕೇಳಿ. ಬಿಲ್ ಕೊಡದಿರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನ್ಯಾಯದ ವ್ಯಾಪಾರ. ಬರೀ ಮಾತಲ್ಲಿ "ಪಾರ್ಟ್ ಬರಲ್ಲ" ಅಂದ್ರೆ, "ಯಾವ ಪಾರ್ಟು, ಅದರ ನಂಬರೇನು, ಬರಲ್ಲ ಅಂತ ಬರೆದುಕೊಡಿ" ಅನ್ನಿ. ಬರೆದುಕೊಡಿ ಅಂದ ತಕ್ಷಣ ಎಷ್ಟೋ ಸಲ ಪಾರ್ಟು ಗೋಡೌನಲ್ಲಿ ಹುಟ್ಕೊಂಡ್‌ಬಿಡುತ್ತೆ! ಅದಕ್ಕೂ ಬಗ್ಗದಿದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬೋದು. ಅಲ್ಲೂ ಆಗದಿದ್ರೆ ಗ್ರಾಹಕರ ಆಯೋಗ ಇದೆ, ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ದೂರಿಗೆ ಫೀಸೂ ಇಲ್ಲ.

ನಾಲ್ಕನೇದು, ಇದೇ ಮುಖ್ಯ. ಕೊಳ್ಳುವಾಗಲೇ ಕೇಳಿ. ಬಣ್ಣ, ಡಿಸ್ಕೌಂಟು, ಫ್ರೀ ಕೊಡೋ ತವಾ ಎಲ್ಲಾ ಆಮೇಲೆ. ಇದರ ಪಾರ್ಟ್ ಎಷ್ಟು ವರ್ಷ ಸಿಗುತ್ತೆ? ಹೊರಗೆ ಸಿಗುತ್ತಾ, ನಿಮ್ಮ ಸೆಂಟರಲ್ಲೇನಾ? ಬೋರ್ಡೋ ಮೋಟರೋ ಹೋದ್ರೆ ಎಷ್ಟಾಗುತ್ತೆ? ಅಂಗಡಿ ಹುಡುಗ ಮೊದಲು ಪೆಚ್ಚಾಗಿ ನೋಡ್ತಾನೆ. ನೋಡಲಿ. ಶ್ರಾವಣದಲ್ಲೋ ದೀಪಾವಳೀಲೋ ದಿನಕ್ಕೆ ಇಪ್ಪತ್ತು ಜನ ಹೆಂಗಸರು ಇದನ್ನೇ ಕೇಳಿದ್ರೆ ಅವನು ಮ್ಯಾನೇಜರ್‌ನ ಕೇಳ್ತಾನೆ, ಮ್ಯಾನೇಜರ್ ಕಂಪನೀನ ಕೇಳ್ತಾನೆ. ಕುಕ್ಕರ್ ಗ್ಯಾಸ್ಕೆಟ್ಟು ಬೀದಿಬೀದಿಗೆ ಬಂದಿದ್ದೂ ನಾವು ಕೇಳಿದ್ದಕ್ಕೇ ಅಲ್ವಾ.

ಪಾರ್ಟ್ ಹುಡುಕೋಕೆ ಎಸ್.ಪಿ. ರೋಡಿಗೆ ಹೋಗೋ ಧೈರ್ಯಾನೂ ಮಾಡಿ. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಮುಂದಿನ ಸ್ಟೇಷನ್ ಚಿಕ್ಕಪೇಟೆಯಲ್ಲಿ ಇಳಿದ್ರೆ ನಡ್ಕೊಂಡೇ ಹೋಗಬೋದು. ಹಳೇ ಪಾರ್ಟ್ ಬ್ಯಾಗಲ್ಲಿರಲಿ, ಸ್ಟಿಕ್ಕರ್ ಫೋಟೋ ಫೋನಲ್ಲಿರಲಿ. ಒಂದೇ ಅಂಗಡೀಲಿ ತಗೊಳ್ಬೇಡಿ, ನಾಲ್ಕು ಕಡೆ ಕೇಳಿ. ಭಾನುವಾರ ಬಹಳ ಅಂಗಡಿ ಬಾಗಿಲು ಹಾಕಿರುತ್ತೆ. "ಯಜಮಾನ್ರನ್ನ ಕಳ್ಸಿ ಮೇಡಂ" ಅಂತ ಯಾರಾದ್ರೂ ಅಂದ್ರೆ, ಮಿಕ್ಸಿ ತಿರುಗ್ಸೋದು ನಾನು, ಅದರ ಸದ್ದು ಗೊತ್ತಿರೋದೂ ನನಗೇ ಅಂತ ಹೇಳಿ.

"ಅಷ್ಟು ಅಲೆದಾಟ ಯಾಕಮ್ಮಾ, ಹೊಸದು ಆನ್‌ಲೈನಲ್ಲಿ ನಾಳೆ ಬರುತ್ತೆ" ಅಂತ ಮಕ್ಕಳು ಅಂತಾರೆ. ಕೆಲವು ಸಲ ಅವರ ಮಾತೇ ಸರಿ. ಹದಿನೈದು ವರ್ಷದ ಫ್ರಿಜ್ಜು ಕರೆಂಟ್ ಕುಡೀತಿದ್ರೆ, ಟೀವಿ ಪ್ಯಾನೆಲ್ಲೇ ಒಡೆದಿದ್ರೆ, ರಿಪೇರಿ ಖರ್ಚು ಹೊಸದರ ಅರ್ಧ ದಾಟಿದ್ರೆ ನಾನೂ ಹೊಸದೇ ಅಂತೀನಿ. ಆದ್ರೆ ಆ ಲೆಕ್ಕ ಹಾಕೋಳು ನಾನಾಗಿರಬೇಕು. ಪಾರ್ಟ್ ಬಚ್ಚಿಟ್ಟು ಕಂಪನಿ ನನ್ನ ಪರವಾಗಿ ಲೆಕ್ಕ ಹಾಕೋದು ಬೇಡ. ಹೊಸದಕ್ಕೆ ಕಟ್ಟೋ ಇಎಂಐ ಎಲ್ಲಿಂದ ಬರುತ್ತೆ? ನಾವು ಚೀಟಿಗೆ ಕಟ್ಟೋದರಿಂದ, ಮಗಳ ಟ್ಯೂಷನ್ ಫೀಸಿಂದ, ಊರಿಗೆ ಹೋಗೋಕೆ ಅಂತ ಡಬ್ಬೀಲಿ ಇಟ್ಟಿದ್ದರಿಂದ.

ಎಸೆದಿದ್ದು ಎಲ್ಲಿಗೆ ಹೋಗುತ್ತೆ ಅನ್ನೋದೂ ಇದೆ. ಕಸದ ಆಟೋಗೆ ಹಾಕಿದ್ರೆ ನಮ್ಮ ಮನೆ ಖಾಲಿ ಆಗುತ್ತೆ, ಅಷ್ಟೆ. ಅದರಲ್ಲಿರೋ ಸೀಸ ಇನ್ಯಾರದೋ ಊರಿನ ಮಣ್ಣು, ನೀರು ಸೇರುತ್ತೆ. ನಮ್ಮ ಊರಲ್ಲೇ 2015ರಿಂದ 'ರಿಪೇರ್ ಕೆಫೆ' ಅಂತ ಕೆಲವರು ಸೇರಿ, ಕೆಟ್ಟ ಸಾಮಾನು ತಂದವರ ಪಕ್ಕದಲ್ಲೇ ಕೂತು ಸರಿಮಾಡೋದು ಕಲಿಸೋ ಕೆಲಸ ಶುರು ಮಾಡಿದ್ರು. ಅದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ನಮ್ಮ ದೇವಸ್ಥಾನದ ಜಗಲೀಲೋ, ಪಾರ್ಕಿನ ಕಲ್ಲುಬೆಂಚಿನ ಮೇಲೋ ತಿಂಗಳಿಗೊಂದು ಭಾನುವಾರ ನಮ್ಮ ರಿಟೈರ್ಡ್ ಮಾವಂದಿರನ್ನ ಕೂರಿಸಿದ್ರೆ ಸಾಕು. ಅವರಿಗೂ ಹೊತ್ತು ಹೋಗುತ್ತೆ, ನಮ್ಮ ಸೊಸೆಯಂದಿರೂ ಸ್ಕ್ರೂಡ್ರೈವರ್ ಹಿಡಿಯೋದು ಕಲೀತಾರೆ.

ನಿಮಗೆ ಗೊತ್ತಿರೋ ನಂಬಿಕಸ್ಥ ರಿಪೇರಿಯವರು ಯಾರು, ಯಾವ ಮಾಡೆಲ್‌ಗೆ ಯಾವ ಪಾರ್ಟು ಎಲ್ಲಿ ಸಿಕ್ತು, ಎಷ್ಟಾಯ್ತು ಅನ್ನೋದನ್ನ ಒಂದು ಹಳೇ ನೋಟ್‌ಬುಕ್ಕಲ್ಲಿ ಬರೆದಿಡಿ. ಹಪ್ಪಳದ ಅಳತೆ, ಬಾಣಂತಿ ಲೇಹ್ಯದ ಲೆಕ್ಕ ಎಲ್ಲಾ ಹಂಗೇ ಅಲ್ವಾ ಒಬ್ಬರಿಂದ ಒಬ್ಬರಿಗೆ ಬಂದಿರೋದು? ಕಂಪನಿ ಪುಸ್ತಕದಲ್ಲಿ ಬರೀದೆ ಬಿಟ್ಟಿದ್ದನ್ನ ನಾವು ಬರ್ಕೊಳ್ಳೋಣ. ಮುಂದಿನ ಸಲ ಯಾರಾದ್ರೂ "ಪಾರ್ಟ್ ಬರಲ್ಲ ಮೇಡಂ" ಅಂದ್ರೆ, ಆ ಪುಸ್ತಕ ತೆಗೆದು ಅವರ ಮುಂದಿಡಿ.